ಬಿಳಿ ಗಿಡದಲ್ಲಿ ಒಂದು ಪಿಂಕ್ ಹೂವು

ಜೂನ್ ಮೊದಲ ವಾರ. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಹಿತ್ತಲಿಗೆ ಹೋಗಿದ್ದೆ. ರಾತ್ರಿ ಸಣ್ಣಗೆ ಮಳೆ ಬಂದು ನಿಂತಿತ್ತು. ಬೇಲಿ ಪಕ್ಕದ ಬಿಳಿ ಗುಲಾಬಿ ಗಿಡದಲ್ಲಿ ಎಂಟು ಹತ್ತು ಹೂವು ಅರಳಿದ್ದವು. ಅವುಗಳ ಮಧ್ಯೆ ಒಂದು ಮಾತ್ರ ಪಿಂಕ್. ಪಕ್ಕದ ಗಿಡದ ಕೊಂಬೆ ಇತ್ತ ಬಾಗಿರಬೇಕು ಅಂದುಕೊಂಡು ಎಲೆ ಸರಿಸಿ ನೋಡಿದೆ. ಅಲ್ಲ, ಇದೇ ಗಿಡದ್ದು. ಕಸಿ ಗಿಡಗಳಲ್ಲಿ ಕೆಳಗಿನ ಕಾಡುಗುಲಾಬಿ ತನ್ನದೇ ಚಿಗುರು ಬಿಟ್ಟು ಮೇಲಿನ ಗಿಡವನ್ನು ನುಂಗಿಬಿಡುವುದುಂಟು. ಇದು ಹಾಗೂ ಅಲ್ಲ. ನೆಲದಿಂದ ಎರಡು ಅಡಿ ಮೇಲೆ, ಹೋದ ವರ್ಷ ಬಿಳಿ ಹೂವು ಕೊಟ್ಟ ಕೊಂಬೆಯಿಂದಲೇ ಕವಲೊಡೆದಿತ್ತು.

ಈ ಗಿಡದ ಫ್ರೆಂಚ್ ಹೆಸರು 'ಕಾತ್ರ್ ಸೆಜೋನ್ ಬ್ಲಾಂ ಮೂಸ್ಯೂ'. ನಾಲ್ಕು ಋತುವಿನ ಬಿಳಿ ಪಾಚಿ ಗುಲಾಬಿ ಎಂದು ಅರ್ಥ. ನಮ್ಮ ಮನೆಯಲ್ಲಿ ಅದಕ್ಕೆ 'ಬಿಳಿ ಪಾಚಿ' ಅಂತಲೇ ಹೆಸರು. ಮೊಗ್ಗಿನ ಮೇಲೆ, ತೊಟ್ಟಿನ ಮೇಲೆ, ಕಾಂಡದ ಮೇಲೂ ಕಂದು ಹಸಿರಿನ ರೋಮ ಒತ್ತಾಗಿ ಬೆಳೆದಿರುತ್ತದೆ. ಮುಟ್ಟಿದರೆ ಬೆರಳಿಗೆ ಅಂಟು. ಮೂಸಿದರೆ ಹೂವಿನದಲ್ಲದ ಬೇರೆಯೇ ಒಂದು ವಾಸನೆ, ಮರದ ರಾಳದ್ದು. ಆ ಪಿಂಕ್ ಹೂವಿನ ತೊಟ್ಟು ಮುಟ್ಟಿ ನೋಡಿದೆ. ಪಾಚಿ ಇಲ್ಲ. ಸಾಮಾನ್ಯ ಗುಲಾಬಿಯ ಹಾಗೆ ನಾಲ್ಕು ಮುಳ್ಳು, ಒಂದಿಷ್ಟು ಸಣ್ಣ ಕೂದಲು, ಅಷ್ಟೇ. ಬಣ್ಣ ಬಂದಿತ್ತು, ಪಾಚಿ ಹೋಗಿತ್ತು. ಎರಡೂ ಒಟ್ಟಿಗೆ.

ಇಂಗ್ಲೆಂಡಿನ ದಕ್ಷಿಣದ ಈ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ತೋಟದ ವಿಷಯ ಏನೇ ಇದ್ದರೂ ನಾನು ಮೊದಲು ಕೇಳುವುದು ಪಕ್ಕದ ಮನೆಯ ಹಿರಿಯರನ್ನು. ಬೇಲಿಯ ಆಚೆಯಿಂದಲೇ ನೋಡಿದರು. ತಡ ಮಾಡಬೇಡ, ಬುಡಕ್ಕೇ ಕತ್ತರಿಸು, ಇಲ್ಲದಿದ್ದರೆ ಎರಡು ಮೂರು ವರ್ಷದಲ್ಲಿ ಇಡೀ ಗಿಡ ಪಿಂಕ್ ಆಗುತ್ತದೆ ಎಂದರು. ಪಿಂಕ್ ಕೊಂಬೆಗೆ ಕಸುವು ಜಾಸ್ತಿ, ಬಿಳಿಯನ್ನು ಅದು ಹಿಂದೆ ಹಾಕುತ್ತದೆ ಅಂತ. ಅವತ್ತು ಸಂಜೆ ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನು ಮಾಡಿದಾಗ ಇದನ್ನೇ ಹೇಳಿದೆ. "ಅಯ್ಯೋ, ಕಡಿಬೇಡ ಮಾರಾಯ್ತಿ. ಹೂವು ಬಿಟ್ಟ ಕೊಂಬೆ ಯಾರಾದ್ರೂ ಕಡೀತಾರಾ?" ಎಂದಳು. ಕತ್ತರಿ ಒಂದೂವರೆ ತಿಂಗಳು ಕಿಟಕಿ ಕಟ್ಟೆಯ ಮೇಲೇ ಇತ್ತು. ದಿನಾ ಹೋಗಿ ನೋಡುವುದು, ವಾಪಸ್ ಬರುವುದು. ಆ ಒಂದೂವರೆ ತಿಂಗಳು ತಲೆಯಲ್ಲಿ ಓಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತುಂಬೆ ಹೂವಿನ ಬಿಳಿ, ಹಿಮದ ಬಿಳಿ

ಬಿಳಿ ಗುಲಾಬಿ ಎಂದು ಹೇಳುವಾಗ ಕನ್ನಡದಲ್ಲಿ ಒಂದು ಸಣ್ಣ ತೊಡಕಿದೆ. ನಮಗೆ ಗುಲಾಬಿ ಎಂದರೆ ಹೂವೂ ಹೌದು, ಬಣ್ಣವೂ ಹೌದು. ಮೂಲ ಹುಡುಕಿದರೆ ಆ ಪದ ಎರಡೂ ಅಲ್ಲ. ಪಾರಸಿಯಲ್ಲಿ ಗುಲ್ ಅಂದರೆ ಹೂವು, ಆಬ್ ಅಂದರೆ ನೀರು. ಗುಲಾಬ್ ಅಂದರೆ ಹೂವಿನ ನೀರು. ನಮ್ಮ ಪನ್ನೀರಿನಲ್ಲಿ ಇರುವುದೂ ನೀರೇ. ಹೂವು ದೂರದಲ್ಲಿತ್ತು, ಅದರ ನೀರು ಮೊದಲು ಮನೆಗೆ ಬಂತು ಅನಿಸುತ್ತದೆ. ಬಿಳಿ ಗುಲಾಬಿಗೆ ಮಾತ್ರ ಈ ನೆಲದಲ್ಲಿ ತನ್ನದೇ ಹೆಸರಿತ್ತು. ಸಂಸ್ಕೃತ ನಿಘಂಟುಗಳಲ್ಲಿ ಸೇವತೀ, ಸೇವಂತೀ ಎಂದು ಹುಡುಕಿದರೆ ಬಿಳಿ ಗುಲಾಬಿ ಎಂಬ ಅರ್ಥ ಸಿಗುತ್ತದೆ. ಉತ್ತರದ ಕಡೆ ಗುಲ್-ಸೇವತಿ ಎನ್ನುವುದೂ ಅದನ್ನೇ. ನಮ್ಮಲ್ಲಿ ಸೇವಂತಿಗೆ ಅಂದರೆ ಬೇರೆಯೇ ಹೂವು. ಇದು ತಿಳಿದ ದಿನ ನಾನು ಒಂದು ಗಳಿಗೆ ಸುಮ್ನೆ ಕೂತುಬಿಟ್ಟೆ. ಬಾಯಲ್ಲಿ ದಿನಾ ಆಡುತ್ತಿದ್ದ ಹೆಸರಿನೊಳಗೆ ಇಷ್ಟು ವರ್ಷ ಒಂದು ಬಿಳಿ ಗುಲಾಬಿ ಇತ್ತಲ್ಲ.

ಇಲ್ಲಿಯವರ ಬಿಳಿ ಗುಲಾಬಿಗಳ ಹೆಸರು ಕೇಳಿದರೆ ಬರೀ ಹಿಮ. ಫ್ರಾನ್ಸಿನ ಲಿಯಾನ್ ಊರಿನ ಲಾಶಾರ್ಮ್ ಎಂಬ ಗುಲಾಬಿ ತಳಿಗಾರ 1867ರಲ್ಲಿ ತಂದದ್ದು 'ಬೂಲ್ ದ ನೇಜ್', ಹಿಮದ ಉಂಡೆ. 'ನಿಫೆಟೋಸ್' ಎಂಬ ಟೀ ಗುಲಾಬಿಯ ಹೆಸರು ಗ್ರೀಕಿನ ಹಿಮದಿಂದ ಬಂದದ್ದು. ನಾನು ಹಿಮ ನೋಡಿದ್ದೇ ಮೂವತ್ತು ದಾಟಿದ ಮೇಲೆ. ನನಗೆ ಬಿಳಿ ಎಂದರೆ ಗದ್ದೆ ಅಂಚಿನ ತುಂಬೆ ಹೂವು, ದೇವರ ಬಟ್ಟಲಿನಲ್ಲಿ ಇಟ್ಟ ನಂದಿಬಟ್ಟಲು. ಆ ಅಳತೆ ಇಟ್ಟುಕೊಂಡು ನೋಡಿದರೆ ಹಳೇ ಗುಲಾಬಿಗಳಲ್ಲಿ ಅಚ್ಚ ಬಿಳಿ ತುಂಬಾ ಕಡಿಮೆ. ಕೆನೆ ಬಣ್ಣ ಇದೆ, ದಂತದ ಬಣ್ಣ ಇದೆ, ಹಾಲಿಗೆ ಒಂದು ಹನಿ ಕುಂಕುಮದ ನೀರು ಬಿದ್ದಂಥ ಬಣ್ಣ ಇದೆ. ಹಿಮದ ಉಂಡೆಯ ಮೊಗ್ಗನ್ನೇ ನೋಡಿ. ಅರಳುವ ಮೊದಲು ಅದರ ಹೊರ ಎಸಳಿನಲ್ಲಿ ಕೆಂಪು ಒರೆಸಿದ ಹಾಗಿರುತ್ತದೆ. ಅರಳುತ್ತಾ ಎಸಳು ಹಿಂದಕ್ಕೆ ಸುರುಳಿಯಾಗಿ, ಉಂಡೆಯಾಗಿ, ಕೆಂಪೆಲ್ಲ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ.

ಮೂರು ವರ್ಷದ ಹಿಂದೆ ಜೂನ್ ನಡುವಿನಲ್ಲಿ ಮಾಟಿಸ್ಫಾಂಟಿಗೆ ಹೋಗಿದ್ದೆ. ಹ್ಯಾಂಪ್‌ಶೈರಿನ ರಾಮ್ಸಿ ಪಟ್ಟಣದ ಹತ್ತಿರ ಇರುವ ಹಳೇ ಮಠದ ಜಾಗ ಅದು. ಹಳೇ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಅದರ ತರಕಾರಿ ತೋಟದ ಎತ್ತರದ ಇಟ್ಟಿಗೆ ಗೋಡೆಯೊಳಗೆ 1970ರ ದಶಕದಲ್ಲಿ ಗ್ರಹಾಂ ಸ್ಟುವರ್ಟ್ ಥಾಮಸ್ ಎಂಬ ಗುಲಾಬಿ ತಜ್ಞ ತಾನು ಜೀವನವಿಡೀ ಕೂಡಿಹಾಕಿದ ಹಳೇ ಗುಲಾಬಿಗಳನ್ನು ನೆಡಿಸಿದರು. ಈ ಹಳೇ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಸಲ ಅರಳುವಂಥವು. ಹಾಗಾಗಿ ಜೂನ್‌ನಲ್ಲಿ ಹೋದರೆ ಉಂಟು, ಆಗಸ್ಟಿನಲ್ಲಿ ಹೋದರೆ ಎಲೆ ನೋಡಿಕೊಂಡು ಬರಬೇಕು. ಗೋಡೆಯ ಬಾಗಿಲು ದಾಟಿದ ಕೂಡಲೇ ಗಾಳಿಯೇ ಬೇರೆ. ಒಳಗೆ ಸೆಕೆ, ಜೇನುನೊಣದ ಗುಂಯ್ ಸದ್ದು, ಮದುವೆ ಮನೆಯಲ್ಲಿ ಪನ್ನೀರು ದಾನಿ ಹಿಡಿದು ನಿಂತವರ ಎದುರು ಹಾದುಹೋದಂಥ ವಾಸನೆ.

ಅಲ್ಲಿ 'ಮದಾಮ್ ಹಾರ್ಡಿ'ಯನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ತೋಟದ ಮುಖ್ಯಸ್ಥನಾಗಿದ್ದ ಹಾರ್ಡಿ 1832ರಲ್ಲಿ ತನ್ನ ಹೆಂಡತಿಯ ಹೆಸರಿಟ್ಟ ಗುಲಾಬಿ ಇದು, ಡಮಾಸ್ಕ್ ಎಂಬ ಹಳೇ ಪಂಗಡದ್ದು. ಬಗ್ಗಿ ನೋಡಿದೆ. ನೂರಾರು ಎಸಳು, ತಟ್ಟೆಯ ಹಾಗೆ ಚಪ್ಪಟೆ. ಎಸಳುಗಳು ನಾಲ್ಕು ಪಾಲಾಗಿ ಒಳಕ್ಕೆ ಮಡಚಿಕೊಂಡಿದ್ದವು. ನಟ್ಟನಡುವೆ ಹಳದಿ ಕೇಸರ ಇರಬೇಕಾದ ಕಡೆ ಒಂದು ಹಸಿರು ಗುಂಡಿ! ಎಳೇ ಬಟಾಣಿ ಕಾಳಿನ ಹಸಿರು. ಆ ಹಸಿರು ಇರುವುದರಿಂದಲೇ ಸುತ್ತಲಿನ ಬಿಳಿ ಇನ್ನೂ ಬಿಳಿಯಾಗಿ ಕಾಣುತ್ತದೆ. ಮೊಗ್ಗಿನಲ್ಲಿ ಮಾತ್ರ ಅದಕ್ಕೂ ಒಂದು ಎಳೆ ನಸುಗೆಂಪು ಇತ್ತು. ತುಂಬೆಯ ಬಿಳಿಗೆ ಇಷ್ಟು ಹತ್ತಿರ ಬಂದ ಗುಲಾಬಿಯನ್ನು ಅದಕ್ಕೂ ಮುಂಚೆ ನಾನು ನೋಡಿರಲಿಲ್ಲ. ಬೇರೆ ಗಿಡಗಳಿಗೆ ಹೋಗಬೇಕು, ಬಸ್ಸಿಗೆ ಹೊತ್ತಾಗುತ್ತದೆ, ಆದರೂ ಕಾಲು ಮುಂದೆ ಹೋಗಲಿಲ್ಲ.

ಬೀಜ ಬಿತ್ತಿ ಕಾದವರು

ಹಾರ್ಡಿ ಅದನ್ನು ಹೇಗೆ ಮಾಡಿದ? ಅದರ ತಂದೆ ತಾಯಿ ಯಾರೆಂದು ದಾಖಲೆಯಲ್ಲಿಲ್ಲ. ಆ ಕಾಲದಲ್ಲಿ ಪರಾಗವನ್ನು ಕುಂಚದಲ್ಲಿ ತೆಗೆದು ಇಂಥದ್ದಕ್ಕೆ ಇಂಥದ್ದು ಎಂದು ಮುಟ್ಟಿಸಿ ಲೆಕ್ಕ ಬರೆದಿಡುವ ಪದ್ಧತಿ ಗುಲಾಬಿಯವರಲ್ಲಿ ಬೇರೂರಿರಲಿಲ್ಲ. ಅದನ್ನು ಪಟ್ಟಾಗಿ ಮಾಡಿ ತೋರಿಸಿದ್ದು ಇಂಗ್ಲೆಂಡಿನ ವಿಲ್ಟ್‌ಶೈರಿನ ಹೆನ್ರಿ ಬೆನೆಟ್. ದನ ಸಾಕುವ ರೈತ. ದನದ ತಳಿಗೆ ವಂಶಾವಳಿ ಇಡುತ್ತೇವಲ್ಲ, ಗುಲಾಬಿಗೆ ಯಾಕಿಲ್ಲ ಎಂದು ಹೊರಟು 1879ರಲ್ಲಿ ತನ್ನ ಹತ್ತು 'ವಂಶಾವಳಿ ಗುಲಾಬಿ'ಗಳನ್ನು ತಂದ. ಅದಕ್ಕೂ ಮುಂಚಿನವರು ಮಾಡಿದ್ದು ಬೇರೆ. ಒಳ್ಳೊಳ್ಳೆ ಗಿಡಗಳನ್ನು ಅಕ್ಕಪಕ್ಕ ನೆಟ್ಟು ಜೇನುನೊಣಕ್ಕೆ ಬಿಟ್ಟರು. ಕಾಯಿ ಹಣ್ಣಾದ ಮೇಲೆ ಬೀಜ ತೆಗೆದು ಸಾಲು ಸಾಲು ಬಿತ್ತಿದರು. ಒಂದು ಚಳಿಗಾಲ ಕಳೆದು ಮೊಳಕೆ. ಒಂದೇ ಸಲ ಅರಳುವ ಜಾತಿಯಾದರೆ ಮೊದಲ ಹೂವಿಗೆ ಎರಡು ಮೂರು ವರ್ಷ ಕಾಯಬೇಕು. ಆಮೇಲೆ ಒಂದು ಜೂನ್ ಬೆಳಿಗ್ಗೆ ಸಾಲಿನ ಮಧ್ಯೆ ನಡೆಯುತ್ತಾ ನೋಡಬೇಕು. ನೂರಕ್ಕೆ ನೂರು ಪಿಂಕೇ ಇದ್ದರೂ ನಡೆಯಬೇಕು.

ಬಿಳಿ ಬರುವುದು ಇಷ್ಟು ಕಷ್ಟ ಯಾಕೆ ಎಂಬುದಕ್ಕೆ ಒಂದು ಲೆಕ್ಕ ಇದೆ. ಬಣ್ಣ ಎಂದರೆ ಎಸಳಿನೊಳಗಿನ ಅಡುಗೆ. ಹತ್ತಾರು ಹಂತ ದಾಟಿ ಕೆಂಪು ತಯಾರಾಗುತ್ತದೆ. ನಡುವೆ ಒಂದು ಹಂತ ಕೆಟ್ಟರೂ ಸಾಕು, ಕೆಂಪು ಇಲ್ಲ. ಆದರೆ ಆ ಹಂತ ನಡೆಸುವ ಜೀನಿನ ಒಂದು ಪ್ರತಿ ಸರಿಯಿದ್ದರೂ ಅದೇ ಕೆಲಸ ನಡೆಸಿಬಿಡುತ್ತದೆ. ಡಮಾಸ್ಕ್, ಗ್ಯಾಲಿಕಾ, ಸೆಂಟಿಫೋಲಿಯಾ ಎಂಬ ಹಳೇ ಪಂಗಡಗಳ ಗುಲಾಬಿಗಳಲ್ಲಿ ಪ್ರತಿ ಜೀನಿಗೂ ಎರಡರ ಬದಲು ನಾಲ್ಕು ಪ್ರತಿ. ನಾಲ್ಕರಲ್ಲಿ ಎರಡು ಕೆಟ್ಟಿರುವ ಗಿಡ ನೋಡಲು ಪಿಂಕೇ. ಅದರ ಹೂವು ತನ್ನದೇ ಪರಾಗದಿಂದ ಬೀಜ ಕಟ್ಟಿದರೆ, ನಾಲ್ಕೂ ಕೆಟ್ಟ ಸಸಿ ಬರುವುದು 36ಕ್ಕೆ ಒಂದು. ಅದರಲ್ಲೂ ಗಟ್ಟಿ ಗಿಡ, ಒಳ್ಳೇ ವಾಸನೆ, ತುಂಬು ಎಸಳು ಬೇಕು ಎಂದರೆ ಇನ್ನೆಷ್ಟು ಸಸಿ ಕಿತ್ತೆಸೆಯಬೇಕು! ಹಾರ್ಡಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿದ್ದ ಒಂದೇ ಉಪಾಯ ಇನ್ನಷ್ಟು ಬಿತ್ತುವುದು. ಹಾಗಾಗಿ ನನಗೆ ಬೀಜ ಬಿತ್ತಿ ತಳಿ ಮಾಡಿದವರು, ತಾನಾಗಿ ಬಂದದ್ದನ್ನು ಹುಡುಕಿದವರು ಎಂಬ ಎರಡು ಪಂಗಡ ಬೇರೆ ಬೇರೆ ಅನಿಸುವುದಿಲ್ಲ. ಬಿತ್ತಿದವನೂ ಕೊನೆಗೆ ಹುಡುಕಲೇಬೇಕು.

ಆಮೇಲಿನ ಕಾಲದ ಒಂದು ಬಿಳಿ ಗುಲಾಬಿಯ ಕಥೆ ನೆನಪಾಗುತ್ತದೆ. 1901ರಲ್ಲಿ ಜರ್ಮನಿಯ ಟ್ರಿಯರ್ ಪಟ್ಟಣದ ಪೀಟರ್ ಲ್ಯಾಂಬರ್ಟ್ ತಂದದ್ದು. ಗುಲಾಬಿ ಸಂಘದ ಅಧ್ಯಕ್ಷರ ಪತ್ನಿಯ ಹೆಸರು ಅದಕ್ಕೆ: 'ಫ್ರೌ ಕಾರ್ಲ್ ಡ್ರುಷ್ಕಿ'. ಅಷ್ಟು ದೊಡ್ಡ, ಅಷ್ಟು ಅಚ್ಚ ಬಿಳಿ ಹೂವನ್ನು ಜನ ನೋಡಿರಲಿಲ್ಲ. ಮೊದಲ ಮಹಾಯುದ್ಧ ಬಂದಾಗ ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಜರ್ಮನ್ ಹೆಸರು ಬೇಡ ಎಂದು ಅದನ್ನು 'ಸ್ನೋ ಕ್ವೀನ್' ಮಾಡಿದರು. ಮತ್ತೆ ಹಿಮ! ಹೂವು ಬೆಳ್ಳಗೆ ಇದೆ, ಸಂದೇಹವೇ ಇಲ್ಲ. ಆದರೆ ವಾಸನೆ ಇಲ್ಲ. ನನ್ನ ಹಿತ್ತಲಿಗೆ ಅದನ್ನು ತರಲು ಇವತ್ತಿಗೂ ಮನಸ್ಸು ಬಂದಿಲ್ಲ.

ಬ್ರೆಡ್ ಮಾಡುವವನ ಮನೆಯ ಅಂಗಳ

ಬೀಜವೇ ಕಟ್ಟದ ಗುಲಾಬಿಗಳ ಕಥೆ ಬೇರೆ. ಸೆಂಟಿಫೋಲಿಯಾ ಅಂದರೆ ನೂರೆಸಳಿನದು. ಕೇಸರವೆಲ್ಲ ಎಸಳಾಗಿಬಿಟ್ಟು ಬೀಜ ಕಟ್ಟುವುದೇ ಅಪರೂಪ. ಅಂಥ ಗಿಡದಲ್ಲಿ ಹೊಸದು ಬರುವ ದಾರಿ ಒಂದೇ. ಯಾವುದೋ ಒಂದು ಕೊಂಬೆ ತಾನಾಗಿ ಬದಲಾಗಬೇಕು. ಇಲ್ಲಿಯ ತೋಟದವರು ಅದನ್ನು 'ಸ್ಪೋರ್ಟ್' ಎನ್ನುತ್ತಾರೆ. ಮೊದಲ ಪಾಚಿ ಗುಲಾಬಿ ಹುಟ್ಟಿದ್ದೇ ಸೆಂಟಿಫೋಲಿಯಾದ ಒಂದು ಕೊಂಬೆ ಹೀಗೆ ಬದಲಾಗಿ. ಪಿಂಕ್ ಪಾಚಿ ಗುಲಾಬಿಯ ಒಂದು ಕೊಂಬೆ ಬಿಳಿಯಾದದ್ದನ್ನು ಶೇಯ್ಲರ್ ಎಂಬ ನರ್ಸರಿಯವರು 1788ರ ಹೊತ್ತಿಗೆ ಬೇರೆ ಮಾಡಿದರು.

ಇವುಗಳಲ್ಲಿ ನನಗೆ ಅತಿ ಇಷ್ಟದ ಕಥೆ 1775ರದ್ದು. ಇದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ, ನನ್ನ ಮನಸ್ಸಿನಲ್ಲಿ ಉಳಿದದ್ದು ಹೀಗೆ. ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ನೀಡಂ ಎಂಬಲ್ಲಿ ಗ್ರಿಮ್‌ವುಡ್ ಎಂಬ ನರ್ಸರಿಯವನು ಕುದುರೆಯ ಮೇಲೆ ಹೋಗುತ್ತಿದ್ದ. ವರ್ಷಕ್ಕೊಮ್ಮೆ ಹಾಗೆ ಊರೂರು ಸುತ್ತುವುದು ಅವನ ರೂಢಿ. ಬ್ರೆಡ್ ಮಾಡುವವನೊಬ್ಬನ ಮನೆಯ ಮುಂದಿನ ಅಂಗಳದಲ್ಲಿ ಬೆಳ್ಳಗಿನ ಸೆಂಟಿಫೋಲಿಯಾ ಅರಳಿತ್ತು. ಅಂಥದ್ದನ್ನು ಅವನು ಎಲ್ಲೂ ಕಂಡಿರಲಿಲ್ಲ. ಕುದುರೆ ಇಳಿದು ಒಂದು ಹೂವು ಕೇಳಿದ. ಮನೆಯಾಕೆ ಅವನ ಆಸೆ ನೋಡಿ ಹೂವಿನ ಬದಲು ಗಿಡವನ್ನೇ ಕೊಟ್ಟುಬಿಟ್ಟಳು. ಆ ಗಿಡವಾದರೂ ಅವರ ಅಂಗಳಕ್ಕೆ ಬಂದದ್ದು ಹೇಗೆ? ಹತ್ತಿರದಲ್ಲಿ ಒಬ್ಬ ಡಚ್ ವ್ಯಾಪಾರಿಯ ಹಳೇ ಬಂಗಲೆ ರಿಪೇರಿಗೆ ಹೋದ ಬಡಗಿ ಬೇಲಿ ಸಾಲಿನಲ್ಲಿ ಅದನ್ನು ಕಂಡು ಕಿತ್ತು ತಂದಿದ್ದನಂತೆ. ಗ್ರಿಮ್‌ವುಡ್ ಅದನ್ನು ಬೆಳೆಸಿ 'ಯುನೀಕ್' ಎಂದು ಕರೆದ. ಆಮೇಲೆ ಆ ಮನೆಯಾಕೆಗೆ ಅದೇ ಗುಲಾಬಿಯ ಚಿತ್ರ ಕೊರೆಸಿದ ಬೆಳ್ಳಿ ಬಟ್ಟಲು ಕಳಿಸಿಕೊಟ್ಟ.

ಈ ಕಥೆಯಲ್ಲಿ ಎಲ್ಲರೂ ಗ್ರಿಮ್‌ವುಡ್‌ನ ಹೆಸರು ಹೇಳುತ್ತಾರೆ. ನನ್ನ ಗಮನ ಹೋಗುವುದು ಮೊದಲು ಆ ಬಡಗಿಯ ಕಡೆ. ಅವನು ಹೋದದ್ದು ಬಾಗಿಲು ಕಿಟಕಿ ಸರಿ ಮಾಡಲು. ಬೇಲಿಯಲ್ಲಿ ಒಂದು ಬಿಳಿ ಹೂವು ಕಂಡರೆ ಅವನಿಗೇನು? ಆದರೂ ನಿಂತ, ಅಗೆದ, ಹೊತ್ತು ತಂದ. ಆಮೇಲೆ ಆ ಹೆಂಗಸು. ಕುದುರೆ ಮೇಲೆ ಬಂದವನಿಗೆ, ಹೆಸರು ಕುಲ ಕೇಳದೆ, ಇದ್ದೊಂದು ಗಿಡ ಕೊಟ್ಟಳು. ಆ ಅಂಗಳದ ಗಿಡ ಅಲ್ಲೇ ಉಳಿದಿದ್ದರೆ ಒಂದು ಕೆಟ್ಟ ಚಳಿಗಾಲಕ್ಕೆ ಮುಗಿಯುತ್ತಿತ್ತೇನೋ. ಈಗಲೂ ಅದು ಬದುಕಿದೆ. ಮೊಗ್ಗಿನ ತುದಿಯಲ್ಲಿ ಒಂದು ಚಿಟಿಕೆ ಕೆಂಪು ಇಟ್ಟುಕೊಂಡು ಎಲ್ಲರಿಗಿಂತ ತಡವಾಗಿ ಅರಳುತ್ತದೆ.

ಅಜ್ಜಿ ಕೊಡದೇ ಇದ್ದ ಗೆಲ್ಲು

ನಾನು ಆ ಹೆಂಗಸಿನ ಬಗ್ಗೆ ಇಷ್ಟು ಯೋಚಿಸುವುದಕ್ಕೆ ಕಾರಣ ನನ್ನ ಅಜ್ಜಿ. ಅಜ್ಜಿಯ ಮನೆಯ ಬಚ್ಚಲು ನೀರು ಹರಿಯುವಲ್ಲಿ ಪನ್ನೀರು ಗುಲಾಬಿಯ ಒಂದು ದೊಡ್ಡ ಪೊದೆ ಇತ್ತು. ಪಿಂಕ್ ಬಣ್ಣ, ಸಡಿಲ ಎಸಳು, ಬೆಳಿಗ್ಗೆ ಕೊಯ್ದರೆ ಮಧ್ಯಾಹ್ನಕ್ಕೆ ಉದುರುವ ಹೂವು. ಮನೆಗೆ ಬಂದ ಯಾವ ಹೆಂಗಸೂ ಆ ಗಿಡದ ಗೆಲ್ಲಿಲ್ಲದೆ ವಾಪಸ್ ಹೋದದ್ದಿಲ್ಲ. ಅಜ್ಜಿ ಗೇಣುದ್ದದ ಗೆಲ್ಲು ಓರೆಯಾಗಿ ಕತ್ತರಿಸುತ್ತಿದ್ದಳು. ಮೇಲಿನ ತುದಿಗೆ ಗೋಲಿ ಗಾತ್ರದ ಸಗಣಿ ಉಂಡೆ ಮೆತ್ತಿ, ಬುಡವನ್ನು ಒದ್ದೆ ಮಣ್ಣಿನ ಸಮೇತ ಬಾಳೆಪಟ್ಟೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ ಕೊಡುತ್ತಿದ್ದಳು.

ನನಗೆ ಹತ್ತು ವರ್ಷ ಇರಬಹುದು. ಆಗುಂಬೆ ಕಡೆ ನೆಂಟರ ಮನೆಯಲ್ಲಿ ಉಪನಯನ. ಊಟ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕುತ್ತಾ ಕೂತಿದ್ದರೆ ಅಜ್ಜಿ ಹಿತ್ತಲಿನಲ್ಲಿ ನಿಂತಿದ್ದಳು. ಬಾವಿಕಟ್ಟೆಯ ಪಕ್ಕ ಒಂದು ಬಿಳಿ ಗುಲಾಬಿ. ಪನ್ನೀರು ಗುಲಾಬಿಯದೇ ವಾಸನೆ, ಹೂವು ಮಾತ್ರ ಹಾಲಿನ ಹಾಗೆ. ಅಜ್ಜಿ ಅದನ್ನು ಕೊಯ್ಯಲಿಲ್ಲ. ಬಗ್ಗಿ, ಕಣ್ಣು ಮುಚ್ಚಿ ಮೂಸಿದಳು. ಆಮೇಲೆ ಆ ಮನೆಯ ಅತ್ತೆಯ ಹತ್ತಿರ, ಅವಳ ಸ್ವಭಾವಕ್ಕೆ ಒಗ್ಗದಷ್ಟು ಸಣ್ಣ ಧ್ವನಿಯಲ್ಲಿ, "ಒಂದು ಗೆಲ್ಲು ಸಿಗ್ತದಾ ತಂಗಿ?" ಎಂದು ಕೇಳಿದಳು. ಆಕೆ ಎರಡು ಕೊಟ್ಟರು. ಬಸ್ಸಿನಲ್ಲಿ ದಾರಿಯಿಡೀ ಆ ಬಾಳೆಪಟ್ಟೆ ಕಟ್ಟು ಅಜ್ಜಿಯ ತೊಡೆಯ ಮೇಲೇ ಇತ್ತು.

ಒಂದು ಗೆಲ್ಲು ಒಣಗಿತು, ಒಂದು ಚಿಗುರಿತು. ಮಾರನೇ ವರ್ಷ ನಾಲ್ಕು ಹೂವು. ಬಂದವರೆಲ್ಲ ಕೇಳಿದರು. ಅಜ್ಜಿ ಕೊಡಲಿಲ್ಲ. ಸಣ್ಣ ಗಿಡ, ಈಗಲೇ ಕತ್ತರಿ ಹಾಕಿದರೆ ಸೊರಗುತ್ತದೆ, ಬರುವ ವರ್ಷ ಕೊಡ್ತೇನೆ ಎಂದಳು. ಮೂರನೇ ಮಳೆಗಾಲ ನಿಲ್ಲಲೇ ಇಲ್ಲ. ನೀರು ನಿಂತು ಗಿಡದ ಬುಡ ಕೊಳೆತು ಹೋಯಿತು. ಪನ್ನೀರು ಪೊದೆಗೆ ಏನೂ ಆಗಲಿಲ್ಲ. ಬಿಳಿಯದು ಹೋಯಿತು. ಅಜ್ಜಿ ಆಗುಂಬೆ ಕಡೆಯ ಆ ಮನೆಗೆ ಹೇಳಿ ಕಳಿಸಿದಳು. ಅಲ್ಲಿಯ ಗಿಡವೂ ಹೋಗಿತ್ತು. "ಒಬ್ಬರಿಗಾದ್ರೂ ಕೊಟ್ಟಿದ್ರೆ ಎಲ್ಲಾದ್ರೂ ಇರ್ತಿತ್ತು" ಎಂದು ಅಜ್ಜಿ ಅವತ್ತು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಉಳಿದಿದೆ. ಆ ಮೇಲೆ ಬಹಳ ವರ್ಷ ಬದುಕಿದ್ದಳು. ಆದರೆ ಅಂಥ ಬಿಳಿ ಗುಲಾಬಿ ಮತ್ತೆ ಅವಳಿಗೆ ಸಿಗಲಿಲ್ಲ.

(ಮಳೆಯ ಮಾತು ಬಂದದ್ದಕ್ಕೆ ಇಲ್ಲೊಂದು ವಿಷಯ. ನಮ್ಮ ದೇಶದ್ದೇ ಒಂದು ಬಿಳಿ ಕಾಡುಗುಲಾಬಿ ಇದೆ, ರೋಸಾ ಕ್ಲೈನೋಫಿಲ್ಲಾ. ಹೊಳೆ ದಂಡೆಯಲ್ಲಿ, ಮಳೆಗಾಲದಲ್ಲಿ ಬುಡ ಮುಳುಗಿದರೂ ಬದುಕುವ ಗಿಡ. ಕೊಡೈಕೆನಾಲಿನ ವೀರರಾಘವನ್ ಮತ್ತು ಗಿರಿಜಾ ದಂಪತಿ ಇದನ್ನೂ ಮಣಿಪುರ ಕಡೆಯ ರೋಸಾ ಜೈಜಾಂಟಿಯಾವನ್ನೂ ಇಟ್ಟುಕೊಂಡು ಸೆಕೆ ದೇಶಕ್ಕೆ ಒಗ್ಗುವ ಗುಲಾಬಿ ತಳಿ ಮಾಡುವುದರಲ್ಲಿ ದಶಕಗಳನ್ನೇ ಕಳೆದರು. ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಹಬ್ಬುವ ರೋಸಾ ಲೆಶನಾಲ್ಟಿಯಾನಾ ಕೂಡ ಬಿಳಿಯದೇ. ದಕ್ಷಿಣದ ಕಾಡು ಕೊಡುವ ಗುಲಾಬಿ ಬಿಳಿ ಬಣ್ಣದ್ದು, ನಾವು ಅಂಗಳಕ್ಕೆ ತಂದುಕೊಂಡದ್ದು ಪಿಂಕ್ ಮತ್ತು ಕೆಂಪು. ಅಜ್ಜಿಗೆ ಇದನ್ನು ಹೇಳಬೇಕಿತ್ತು.)

ಮೇಲುಪದರದ ಬಿಳಿ

ಮತ್ತೆ ನನ್ನ ಗಿಡಕ್ಕೆ ಬರುತ್ತೇನೆ. ಬಿಳಿ ಪಾಚಿಯನ್ನು 1835ರಲ್ಲಿ ಲಾಫೇ ಎಂಬ ಫ್ರೆಂಚ್ ನರ್ಸರಿಯವರು ಹೊರತಂದರು. ಅದು ಬೀಜದಿಂದ ಬಂದದ್ದಲ್ಲ. 'ಆಟಂ ಡಮಾಸ್ಕ್' ಎಂಬ ಹಳೇ ಪಿಂಕ್ ಗುಲಾಬಿಯ ಒಂದು ಕೊಂಬೆ ಬದಲಾಗಿ ಬಂದದ್ದು. ಬಣ್ಣ ಕಳೆದುಕೊಂಡು ಪಾಚಿ ಪಡೆಯಿತು. ಅಂದಿನಿಂದಲೂ ಈ ಗಿಡ ಆಗಾಗ ಹಳೇ ರೂಪಕ್ಕೆ ತಿರುಗುವುದು ಗುಲಾಬಿಯವರಿಗೆಲ್ಲ ಗೊತ್ತಿರುವ ವಿಷಯ. ನನಗೆ ಹೊಸದು, ಅಷ್ಟೇ.

ಹೀಗೆ ತಿರುಗುವುದು ಯಾಕೆ ಎಂದು ಓದುತ್ತಾ ಹೋದಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಗಿಡದ ಬೆಳೆಯುವ ತುದಿಯಲ್ಲಿ ಜೀವಕೋಶಗಳು ಪದರ ಪದರವಾಗಿರುತ್ತವೆ. ಹೊರ ಪದರದಿಂದ ಎಲೆ, ಎಸಳುಗಳ ಮೇಲ್ಚರ್ಮ ಆಗುತ್ತದೆ. ಗುಲಾಬಿ ಎಸಳಿನ ಬಣ್ಣ ಇರುವುದು ಹೆಚ್ಚಾಗಿ ಆ ಮೇಲ್ಚರ್ಮದಲ್ಲೇ. ಪರಾಗ, ಬೀಜ ಬರುವುದು ಅದರ ಒಳಗಿನ ಪದರದಿಂದ. ಕೊಂಬೆ ಬದಲಾಗುವಾಗ ಎಷ್ಟೋ ಸಲ ಬದಲಾಗುವುದು ಹೊರ ಪದರ ಮಾತ್ರ. ಅಂಥ ಗಿಡದ ಹೂವು ನೋಡಲು ಪೂರ್ತಿ ಬಿಳಿ. ಬೀಜ ಬಿತ್ತಿದರೆ ಸಸಿಗಳು ಹಳೇ ಪಿಂಕ್ ಗಿಡದ ಮಕ್ಕಳ ಹಾಗೇ ಬರುತ್ತವೆ. ಒಳ ಪದರದ ಒಂದು ಜೀವಕೋಶ ಹೊರಗೆ ನುಸುಳಿದರೆ ಸಾಕು, ಆ ಚಿಗುರು ಪಿಂಕ್. ಬಿಳಿ ಕೊಂಬೆ ಹುಡುಕಿ, ಅದನ್ನು ತಳಿಗೆ ಬಳಸಿದವರಿಗೆ ಎಷ್ಟೋ ಸಲ ಬಿಳಿ ಸಿಗದೇ ಹೋದದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. 2000ದಲ್ಲಿ ಜಪಾನಿನ ಸಂಶೋಧಕರು ನಾಲ್ಕು ಹಳೇ ಡಮಾಸ್ಕ್ ಗುಲಾಬಿಗಳ ಡಿಎನ್ಎ ಹೋಲಿಸಿ ನೋಡಿದರು. ಬಲ್ಗೇರಿಯಾದಲ್ಲಿ ಅತ್ತರಿಗೆ ಬೆಳೆಯುವ 'ಕಜಾನ್ಲಿಕ್', ಒಂದೇ ಗಿಡದಲ್ಲಿ ಬಿಳಿಯೂ ಪಿಂಕೂ ಬಿಡುವ 'ಯಾರ್ಕ್ ಅಂಡ್ ಲ್ಯಾಂಕಾಸ್ಟರ್', ಆಟಂ ಡಮಾಸ್ಕ್, ಮತ್ತು ನನ್ನ ಹಿತ್ತಲಿನ ಬಿಳಿ ಪಾಚಿ. ಅವರು ನೋಡಿದ ಮಟ್ಟಿಗೆ ನಾಲ್ಕರಲ್ಲೂ ವ್ಯತ್ಯಾಸ ಸಿಗಲಿಲ್ಲ. ಅಂದರೆ ನಾಲ್ಕೂ ಒಂದೇ ಗಿಡ! ಎಂದೋ ಒಮ್ಮೆ ಹುಟ್ಟಿದ ಒಂದು ಸಸಿ, ಕೈಯಿಂದ ಕೈಗೆ ಗೆಲ್ಲಾಗಿ ದಾಟುತ್ತಾ, ದಾರಿಯಲ್ಲಿ ಅಲ್ಲೊಂದು ಕೊಂಬೆ ಇಲ್ಲೊಂದು ಕೊಂಬೆ ಬದಲಾಗುತ್ತಾ ಇಲ್ಲಿಯವರೆಗೆ ಬಂದಿದೆ. ಆ ಮೊದಲ ಸಸಿಯ ಹಿಂದೆ ಮೂರು ಗುಲಾಬಿಗಳಿವೆ ಎಂದೂ ಅವರು ತೋರಿಸಿದರು. ಗ್ಯಾಲಿಕಾ, ಮಾಸ್ಕಾಟಾ, ಫೆಡ್‌ಚೆಂಕೋವಾನಾ. ಇವುಗಳಲ್ಲಿ ಗ್ಯಾಲಿಕಾ ಮಾತ್ರ ಪಿಂಕ್. ಉಳಿದೆರಡೂ ಬಿಳಿ.

ಪಕ್ಕದ ಮನೆಯವರು ಪಿಂಕ್ ಕೊಂಬೆಯನ್ನು ಕೆಟ್ಟದ್ದು ಎಂಬ ಹಾಗೆ ನೋಡಿದ್ದರು. ಅಮ್ಮ ಅದನ್ನು ದೇವರು ಕೊಟ್ಟದ್ದು ಎಂಬ ಹಾಗೆ ನೋಡಿದಳು. ನಾನು ಇಬ್ಬರ ಮಾತನ್ನೂ ಮನಸ್ಸಿನಲ್ಲಿಟ್ಟುಕೊಂಡು ಒಂದು ಬೆಳಿಗ್ಗೆ ಆ ಪಿಂಕ್ ಹೂವನ್ನು ಮೂಸಿದೆ. ಅಷ್ಟು ದಿನ ಕಣ್ಣಿನಿಂದ ನೋಡಿದ್ದೆ, ಮೂಸಿರಲಿಲ್ಲ. ಬಚ್ಚಲು ನೀರು ಹರಿಯುವ ಜಾಗ, ಒದ್ದೆ ಮಣ್ಣು, ಅಜ್ಜಿಯ ಸೆರಗು ಎಲ್ಲ ಬಂದು ಎದುರು ನಿಂತವು. ನಮ್ಮ ಕಡೆ ಪನ್ನೀರು ಗುಲಾಬಿ ಎಂದು ಕರೆಯುವುದು ಒಂದೇ ಜಾತಿಯನ್ನಲ್ಲ. ಕೆಲವು ಡಮಾಸ್ಕ್, ಕೆಲವು ಆಟಂ ಡಮಾಸ್ಕ್ ಮತ್ತು ಚೀನಾ ಗುಲಾಬಿ ಕೂಡಿ ಹುಟ್ಟಿದ 'ಎಡ್ವರ್ಡ್'. ಯಾವುದಾದರೂ ನೆಂಟಸ್ತನ ಇದ್ದೇ ಇದೆ. ಆಗುಂಬೆಯ ಬಾವಿಕಟ್ಟೆಯ ಬಿಳಿ ಗುಲಾಬಿ ಕೂಡ ಯಾರದೋ ಪನ್ನೀರು ಪೊದೆಯ ಒಂದು ಕೊಂಬೆ ಬದಲಾಗಿ ಬಂದದ್ದಿರಬಹುದು ಎಂದು ಅವತ್ತು ಮೊದಲ ಸಲ ಅನಿಸಿತು. ಹಾಗಿದ್ದರೆ ಅದನ್ನು ಮೊದಲು ಕಂಡು, ಬೇರೆ ಮಾಡಿ, ಬಾವಿಕಟ್ಟೆಯ ಹತ್ತಿರ ನೆಟ್ಟ ಒಬ್ಬರು ಇದ್ದಿರಲೇಬೇಕಲ್ವಾ?

ಜುಲೈ ಕೊನೆಯಲ್ಲಿ ಕತ್ತರಿ ತೆಗೆದುಕೊಂಡೆ. ಪಿಂಕ್ ಕೊಂಬೆಯನ್ನು ಅದು ಕವಲೊಡೆದ ಜಾಗದಿಂದಲೂ ಒಂದಿಷ್ಟು ಕೆಳಗೆ ಕತ್ತರಿಸಿದೆ. ಅದರಲ್ಲಿ ಗೇಣುದ್ದದ ಆರು ಗೆಲ್ಲು ಆದವು. ಬಿಳಿಯದರಿಂದಲೂ ಆರು ತೆಗೆದೆ. ಸಗಣಿ ಇಲ್ಲಿ ಎಲ್ಲಿ ಹುಡುಕುವುದು, ಮೇಣದ ಬತ್ತಿ ಕರಗಿಸಿ ತುದಿಗೆ ಹಚ್ಚಿದೆ. ಮರಳು ಬೆರೆಸಿದ ಮಣ್ಣಿನಲ್ಲಿ ಹನ್ನೆರಡು ಸಣ್ಣ ಕುಂಡ, ನೆರಳಿನಲ್ಲಿ ಬೇಲಿ ಪಕ್ಕ. ಐಸ್‌ಕ್ರೀಂ ಕಡ್ಡಿಗಳ ಮೇಲೆ ಆರಕ್ಕೆ 'ಬಿಳಿ', ಆರಕ್ಕೆ 'ಅಜ್ಜಿ' ಎಂದು ಬರೆದು ಚುಚ್ಚಿದೆ.

ಈಗ ಅಕ್ಟೋಬರ್. ಏಳು ಬದುಕಿವೆ. ಒಂದೊಂದು ಜೊತೆ ಪಕ್ಕದ ಮನೆಯ ಹಿರಿಯರಿಗೆ, ಇಲ್ಲೇ ಆಚೆ ಬೀದಿಯ ಹುಬ್ಬಳ್ಳಿಯ ಗೆಳತಿಗೆ, ಮಗಳ ಶಾಲೆಯ ತೋಟಕ್ಕೆ ಎಂದು ಈಗಲೇ ಹೇಳಿಟ್ಟಿದ್ದೇನೆ. ಗಿಡ ಇನ್ನೂ ಸಣ್ಣದು, ಆದರೂ ಹೇಳಿಟ್ಟಿದ್ದೇನೆ. ಮೊನ್ನೆ ಮಳೆಗೆ ಕಡ್ಡಿಗಳ ಶಾಯಿ ಪೂರ್ತಿ ತೊಳೆದು ಹೋಗಿದೆ. ಅಮ್ಮನಿಗೆ ಹೇಳಿದರೆ, "ಈಗ ಯಾವುದು ಯಾವುದು ಅಂತ ಹೂವು ಬಿಡೋವರೆಗೂ ಗೊತ್ತಾಗಲ್ವಲ್ಲೇ" ಎಂದಳು. ಗೊತ್ತಾಗುತ್ತದೆ. ನಿನ್ನೆ ರಾತ್ರಿ ದೀಪ ಹಾಕದೆ ಹೋಗಿ ಹೊಸ ಚಿಗುರುಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದೆ. ನಾಲ್ಕು ನುಣುಪು. ಮೂರು ಅಂಟಂಟು.